‘ಅರಳು ಮರಳು’ ಎಂದು ಸುಮ್ಮನಿರಬೇಡಿ

ಹಿರಿಯರ ಮರೆವಿಗೆ ಹತ್ತಾರು ಕಾರಣ. ಗಡಿಯ ಕನ್ನಡ ಮನೆಗಳಿಗೆ ಭಾಷೆಯ ತೊಡಕೂ ಉಂಟು

ಉಮರ್ಗಾ: ‘ಅರವತ್ತಕ್ಕೆ ಅರಳು ಮರಳು’ ಕನ್ನಡದ ಗಾದೆ. ‘ಸಾಠಿ ಬುದ್ಧಿ ನಾಠಿ’ ಮರಾಠಿಯದು. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳಿಗೆ ಎರಡೂ ಗೊತ್ತು. ಎರಡರಿಂದಲೂ ಆಗುವ ಹಾನಿ ಒಂದೇ. ಅಜ್ಜ, ಅವ್ವ ಮರೆಯತೊಡಗಿದರೆ ‘ವಯಸ್ಸಾತು, ಇನ್ನೇನ್ ಮಾಡೂದು’ ಎಂದು ಮನೆ ಮಂದಿ ಸುಮ್ಮನಾಗುತ್ತಾರೆ. ಸರಿಪಡಿಸಬಹುದಾದ ಕಾಯಿಲೆಯೂ ಆ ಮಾತಿನ ಹಿಂದೆ ಅಡಗಿ ಕೂಡುತ್ತದೆ.

ವಯೋಸಹಜ ಮರೆವಿಗೂ ಡಿಮೆನ್ಷಿಯಾ ಎಂಬ ಮರೆಗುಳಿ ರೋಗಕ್ಕೂ ನಡುವೆ ಒಂದು ಹಂತ ಇದೆ. ವೈದ್ಯರು ಇದನ್ನು ‘ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್’ (ಎಂಸಿಐ) ಎನ್ನುತ್ತಾರೆ. ಕನ್ನಡದಲ್ಲಿ ಸೌಮ್ಯ ಅರಿವಿನ ಕುಂದು ಎನ್ನಬಹುದು. ಅಮೆರಿಕದ ಮೇಯೊ ಕ್ಲಿನಿಕ್‌ನ ಡಾ. ರೊನಾಲ್ಡ್ ಪೀಟರ್ಸನ್ ಮತ್ತು ಸಂಗಡಿಗರು 1999ರಲ್ಲಿ ಇದರ ಲಕ್ಷಣಗಳನ್ನು ಖಚಿತವಾಗಿ ವಿವರಿಸಿದ ನಂತರ ಈ ಹೆಸರು ಎಲ್ಲೆಡೆ ಬಳಕೆಗೆ ಬಂತು.

ಮರೆವು ಯಾವಾಗ ಕಾಯಿಲೆ?

ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಬೀಗರ ಮಗನ ಹೆಸರು ತಟ್ಟನೆ ನೆನಪಾಗದೆ ಆಮೇಲೆ ಹೊಳೆಯುವುದು ವಯಸ್ಸಿನ ಮರೆವು. ಇದಕ್ಕೆ ಹೆದರಬೇಕಿಲ್ಲ.

ನಿನ್ನೆ ಮನೆಗೆ ಬಂದುಹೋದವರನ್ನೇ ಮರೆಯುವುದು, ಕೇಳಿದ್ದನ್ನೇ ತಾಸಿಗೆ ನಾಲ್ಕು ಸಲ ಕೇಳುವುದು, ಮೊಂಢಾದಲ್ಲಿ ತೊಗರಿ ಮಾರಿ ಬಂದ ರೊಕ್ಕದ ಲೆಕ್ಕ ತಪ್ಪುವುದು ಬೇರೆ. ನಲವತ್ತು ವರ್ಷ ಯೆಳವಸಿಗೆ (ಎಳ್ಳ ಅಮಾವಾಸ್ಯೆಗೆ) ಭಜ್ಜಿ, ಅಂಬಿಲ ಮಾಡಿದ ಕೈ ಈಗ ‘ಮೊದ್ಲು ಏನ್ ಹಾಕಬೇಕು’ ಎಂದು ತಡವರಿಸಿದರೆ ಅದೂ ಗಮನಿಸಬೇಕಾದ ಲಕ್ಷಣ. ಆದರೆ ಸ್ನಾನ, ಊಟ, ಬಟ್ಟೆ, ಊರೊಳಗಿನ ಓಡಾಟ ಎಲ್ಲ ತಾವೇ ಮಾಡಿಕೊಳ್ಳುತ್ತಿದ್ದರೆ ಅದು ಎಂಸಿಐ ಹಂತ ಇರಬಹುದು. ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆಸರೆ ಬೇಕಾದಾಗ ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ.

ಎಂಸಿಐ ಇದ್ದವರೆಲ್ಲ ಡಿಮೆನ್ಷಿಯಾಕ್ಕೆ ಜಾರುವುದಿಲ್ಲ. ಮರೆವಿನ ಚಿಕಿತ್ಸಾಲಯಗಳಿಗೆ ಬರುವ ಇಂಥವರಲ್ಲಿ ವರ್ಷಕ್ಕೆ ನೂರಕ್ಕೆ 10ರಿಂದ 15 ಮಂದಿ ಆ ಹಂತ ತಲುಪುತ್ತಾರೆ. ಊರಲ್ಲಿ ಸಮೀಕ್ಷೆ ಮಾಡಿದಾಗ ಸಿಗುವವರಲ್ಲಿ ಈ ಪ್ರಮಾಣ ಇನ್ನೂ ಕಡಿಮೆ. ಹಲವರು ವರ್ಷಗಟ್ಟಲೆ ಹಾಗೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ.

ಮೊದಲು ರಕ್ತ ತಪಾಸಿ

ಮರೆವಿಗೆ ಮೆದುಳಿನ ಸವೆತವೇ ಕಾರಣ ಆಗಬೇಕಿಲ್ಲ. ವಿಟಮಿನ್ ಬಿ–12 ಕೊರತೆ, ಥೈರಾಯ್ಡ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ನಿದ್ದೆಗೇಡು, ಕಿವಿ ಮಂದ ಆಗುವುದು, ಕಣ್ಣಿನ ಪೊರೆ ಇವೆಲ್ಲ ಮರೆವಿನ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ–12 ಕೊರತೆ ಹೆಚ್ಚು. ಹಾಲು, ಮೊಸರೂ ಕಡಿಮೆ ಆದರೆ ತೊಂದರೆ ಮತ್ತಷ್ಟು. ಇದಕ್ಕೆ ಗುಳಿಗೆ ಅಥವಾ ಇಂಜೆಕ್ಷನ್ ಸಾಕು.

ಗಂಡ ಅಥವಾ ಹೆಂಡತಿ ತೀರಿಹೋದ ಮೇಲೆ, ಮಕ್ಕಳು ಪುಣೆ, ಹೈದರಾಬಾದಿಗೆ ದುಡಿಯಲು ಹೋದ ಮೇಲೆ ಮನಸ್ಸು ಕುಗ್ಗಿದವರೂ ಮರೆಯುತ್ತಾರೆ. ಖಿನ್ನತೆಗೆ ಚಿಕಿತ್ಸೆ ಇದೆ. ನಿದ್ದೆ ಗುಳಿಗೆ, ಅಲರ್ಜಿಯ ಕೆಲವು ಗುಳಿಗೆಗಳೂ ವಯಸ್ಸಾದವರ ತಲೆ ಮಂಕು ಮಾಡುತ್ತವೆ. ದವಾಖಾನೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು.

ಒಂದೆರಡು ದಿನದಲ್ಲೇ ಏಕಾಏಕಿ ಗೊಂದಲ, ತೊದಲು, ಮಂಪರು ಬಂದರೆ ಅದು ತುರ್ತು ಸ್ಥಿತಿ. ಸೋಂಕು, ರಕ್ತದಲ್ಲಿ ಉಪ್ಪು ಅಥವಾ ಸಕ್ಕರೆ ಇಳಿದಿರುವುದು, ಪಾರ್ಶ್ವವಾಯು ಕಾರಣ ಆಗಿರಬಹುದು. ಅಂದೇ ತೋರಿಸಬೇಕು.

ಪರೀಕ್ಷೆ ಯಾವ ಭಾಷೆಯಲ್ಲಿ?

ಗಡಿಯ ಕನ್ನಡಿಗರು ಗಮನಿಸಬೇಕಾದ್ದು ಇಲ್ಲಿದೆ. ನೆನಪಿನ ಪರೀಕ್ಷೆ ಎಂದರೆ ಪ್ರಶ್ನೋತ್ತರ. ಮೂರು ಅಥವಾ ಐದು ಪದ ಹೇಳಿ ಸ್ವಲ್ಪ ಹೊತ್ತಿನ ನಂತರ ಕೇಳುತ್ತಾರೆ. ಇಂದಿನ ತಾರೀಖು, ಊರು, ಜಿಲ್ಲೆ ಕೇಳುತ್ತಾರೆ. ಮನೆಯೊಳಗೆ ಕನ್ನಡವನ್ನೇ ಆಡಿ, ಹೊಲದಲ್ಲೇ ಆಯುಷ್ಯ ಕಳೆದ ಅಜ್ಜಿಗೆ ಈ ಪ್ರಶ್ನೆ ಮರಾಠಿಯಲ್ಲಿ ಬಂದರೆ ತಡವರಿಸುವುದು ಸಹಜ. ಅದನ್ನು ಮರೆವು ಎಂದು ಬರೆದುಕೊಳ್ಳುವ ಅಪಾಯ ಇದೆ. ‘ಆಕೀಗೆ ಮರಾಠಿ ಬರ್ತದ’ ಎಂದು ಮಗ ಹೇಳಿದರೂ, ಸಂತೆಯ ಮರಾಠಿ ಬೇರೆ, ಪರೀಕ್ಷೆಯ ಮರಾಠಿ ಬೇರೆ.

ಜಿಲ್ಲೆಯ ಪ್ರಶ್ನೆಯನ್ನೇ ನೋಡಿ. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಉಸ್ಮಾನಾಬಾದಿಗೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆ ಆಯಿತು. ಊರು ಬಿಟ್ಟು ಕದಲದ ಎಂಬತ್ತರ ಅಜ್ಜ ಮೂರು ಜಿಲ್ಲೆ ಕಂಡಿದ್ದಾನೆ. ಉಮರ್ಗಾ ಇರುವ ಉಸ್ಮಾನಾಬಾದ್ ಜಿಲ್ಲೆಗೆ 2023ರಿಂದ ಧಾರಾಶಿವ ಎಂಬ ಹೆಸರು. ಹಿರಿಯರು ಹಳೆಯ ಹೆಸರು ಹೇಳಿದರೆ ಅದನ್ನು ಕಾಯಿಲೆ ಎನ್ನಲಾಗದು. ತಾರೀಖು ತಿಳಿಯದವರಿಗೆ ಅಮಾವಾಸ್ಯೆ, ಹುಣ್ಣಿಮೆ, ರಾಶಿಯ ಕಾಲ ಗೊತ್ತಿರುತ್ತದೆ.

ಓದು–ಬರಹ ಬಾರದ ಹಳ್ಳಿಗರಿಗಾಗಿಯೇ ಹರಿಯಾಣದ ಬಲ್ಲಭಗಡದಲ್ಲಿ ಹಿಂದಿಯ ಪ್ರತ್ಯೇಕ ಪರೀಕ್ಷೆಯೊಂದನ್ನು ಹಿಂದೆಯೇ ರೂಪಿಸಲಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಮಾಲಿಕೆ ಕನ್ನಡದಲ್ಲೂ ಇದೆ. ಆದ್ದರಿಂದ ‘ನಮ್ಮ ಅವ್ವಗ ಕನ್ನಡದಾಗ ಕೇಳ್ರಿ’ ಎಂದು ವೈದ್ಯರಿಗೆ ಹೇಳಲು ಸಂಕೋಚ ಬೇಡ. ಅವರಿಗೆ ಕನ್ನಡ ಬಾರದಿದ್ದರೆ ಮನೆಯವರು ಪ್ರಶ್ನೆಯನ್ನಷ್ಟೇ ಕನ್ನಡದಲ್ಲಿ ಹೇಳಬೇಕು, ಉತ್ತರದ ಸುಳಿವು ಕೊಡಬಾರದು.

ಎರಡು ಭಾಷೆಯ ಲಾಭ

ಇದೇ ಗಡಿಯ ಬದುಕಿನಿಂದ ಒಂದು ಲಾಭವೂ ಇದ್ದೀತು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ವಿವರ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು–ಬರಹ ಬಾರದವರಲ್ಲೂ ಈ ಅಂತರ ಇತ್ತು. ಎಲ್ಲ ದೇಶಗಳ ಅಧ್ಯಯನಗಳೂ ಹೀಗೇ ಹೇಳಿಲ್ಲ, ಭಾಷೆಯಿಂದ ರೋಗ ತಪ್ಪುತ್ತದೆ ಎಂದೂ ಇದರ ಅರ್ಥವಲ್ಲ. ಆದರೂ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಬಸ್ ನಿಲ್ದಾಣದಲ್ಲಿ ಹಿಂದಿ ಆಡುವ ಬದುಕು ಮೆದುಳಿಗೆ ನಿತ್ಯದ ಕಸರತ್ತು.

ಡಿಮೆನ್ಷಿಯಾ ಬಲಿತಾಗ ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗಿ, ಕೆಲವರಲ್ಲಿ ತಾಯ್ನುಡಿ ಮಾತ್ರ ಉಳಿಯುತ್ತದೆ. ಮರಾಠಿ ಶಾಲೆಗೆ ಹೋಗುವ ಮೊಮ್ಮಗನಿಗೆ ಕನ್ನಡ ಬಾರದಿದ್ದರೆ ಆಗ ಅಜ್ಜಿಯ ‘ನೀರು ಕೊಡೊ’ ಎಂಬ ಮಾತೂ ತಿಳಿಯದು. ಮನೆಯಲ್ಲಿ ಕನ್ನಡ ಉಳಿಸಿಕೊಳ್ಳಲು ಇದೂ ಒಂದು ಕಾರಣ.

ಗುಳಿಗೆಗಿಂತ ದಿನಚರಿ ಮೇಲು

ಹೋದ ನೆನಪನ್ನು ಮರಳಿ ತರುವ ಗುಳಿಗೆ ಇಲ್ಲ. ‘ಬುದ್ಧಿ ಚುರುಕಿನ’ ಟಾನಿಕ್‌ಗಳಿಗೆ ರೊಕ್ಕ ಸುರಿಯುವುದು ವ್ಯರ್ಥ. ಆರಂಭದ ಅಲ್ಝೈಮರ್‌ಗೆ ಬಂದಿರುವ ಹೊಸ ಇಂಜೆಕ್ಷನ್‌ಗಳು ರೋಗದ ಗತಿಯನ್ನು ತುಸು ನಿಧಾನ ಮಾಡುತ್ತವೆ, ಅಷ್ಟೆ. ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ.

ಲ್ಯಾನ್ಸೆಟ್ ಆಯೋಗದ 2024ರ ವರದಿ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿದೆ. ಅವೆಲ್ಲ ಇಲ್ಲವಾದರೆ ಡಿಮೆನ್ಷಿಯಾದ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಬೀಡಿ–ಸಿಗರೇಟ್, ಅತಿ ಮದ್ಯ, ತಲೆಪೆಟ್ಟು, ಕಿವುಡು, ದೃಷ್ಟಿದೋಷ, ಒಂಟಿತನ ಆ ಪಟ್ಟಿಯಲ್ಲಿವೆ. ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ 1,260 ಜನರ ಮೇಲೆ ಎರಡು ವರ್ಷ ನಡೆದ ಪ್ರಯೋಗದಲ್ಲಿ (2015) ಆಹಾರ, ವ್ಯಾಯಾಮ, ಮೆದುಳಿನ ಅಭ್ಯಾಸ, ರಕ್ತದೊತ್ತಡದ ನಿಗಾ ಎಲ್ಲ ಒಟ್ಟಿಗೆ ಪಾಲಿಸಿದವರ ಬುದ್ಧಿಶಕ್ತಿ ಉಳಿದವರಿಗಿಂತ ಚೆನ್ನಾಗಿತ್ತು.

ಇದಕ್ಕೆ ದೊಡ್ಡ ಖರ್ಚಿಲ್ಲ. ಬಿ.ಪಿ., ಸಕ್ಕರೆ ಗುಳಿಗೆ ತಪ್ಪಿಸಬಾರದು. ದಿನಾ ಅರ್ಧ ತಾಸು ನಡೆಯಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಮೊಸರು ಇರಲಿ, ಉಪ್ಪು–ಎಣ್ಣೆ ಮಿತವಾಗಿರಲಿ. ಬೈಕಿನ ಹಿಂದೆ ಕೂಡುವ ಹಿರಿಯರಿಗೂ ಹೆಲ್ಮೆಟ್ ಬೇಕು. ಭಜನೆ, ಕಟ್ಟೆಯ ಹರಟೆ, ಮೊಮ್ಮಕ್ಕಳಿಗೆ ಕತೆ ಹೇಳುವುದು ನಿಲ್ಲಬಾರದು. ಹಿರಿಯರು ಮರೆತರು ಎಂದು ಎಲ್ಲ ಕೆಲಸ ಕಸಿದುಕೊಂಡು ಮೂಲೆಗೆ ಕೂಡಿಸುವುದು ಸಲ್ಲದು. ಮಾತಾಡಿದ್ದು ಕೇಳಿಸುತ್ತಿಲ್ಲವಾದರೆ ಕಿವಿ ತೋರಿಸಬೇಕು.

ಸಾತ್‌ಬಾರಾ, ಬ್ಯಾಂಕ್ ವ್ಯವಹಾರ

ಎಂಸಿಐ ಇರುವವರು ಸಾಮಾನ್ಯವಾಗಿ ತಮ್ಮ ನಿರ್ಧಾರ ತಾವೇ ಮಾಡಬಲ್ಲರು. ಮೃತ್ಯುಪತ್ರ, ಹೊಲದ ಸಾತ್‌ಬಾರಾ ಉತಾರೆಯ ವಾರಸಾ ವಿಚಾರ, ಬ್ಯಾಂಕ್ ನಾಮಿನಿ ಇವನ್ನೆಲ್ಲ ಈ ಹಂತದಲ್ಲೇ, ಅವರ ಇಚ್ಛೆಯಂತೆ ಮುಗಿಸುವುದು ಲೇಸು. ಮುಂದೆ ಅಣ್ಣ–ತಮ್ಮಂದಿರ ಜಗಳ ತಪ್ಪುತ್ತದೆ. ಫೋನಿನಲ್ಲಿ ಓಟಿಪಿ ಕೇಳುವ ಮೋಸಗಾರರಿಗೂ ಇಂಥ ಹಿರಿಯರೇ ಸುಲಭದ ತುತ್ತು.

ಎಲ್ಲಿಗೆ ಹೋಗಬೇಕು?

ಮೊದಲು ತಾಲ್ಲೂಕಿನ ಸರ್ಕಾರಿ ದವಾಖಾನೆಯಲ್ಲಿ ಬಿ.ಪಿ., ರಕ್ತ ತಪಾಸಣೆ ಮಾಡಿಸಬಹುದು. ಮುಂದಿನ ಸಲಹೆಗೆ ಲಾತೂರ, ಸೊಲ್ಲಾಪುರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಕನ್ನಡದಲ್ಲೇ ಮಾತಾಡಬೇಕೆಂದರೆ ಉದಗೀರದಿಂದ ರೈಲಿನಲ್ಲೇ ಬೀದರಕ್ಕೆ ಹೋಗಿ ಅಲ್ಲಿನ ಬ್ರಿಮ್ಸ್‌ನಲ್ಲಿ ತೋರಿಸಬಹುದು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ–ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಸಲಹೆ ಸಿಗುತ್ತದೆ. ಹಿರಿಯ ನಾಗರಿಕರ ಸಹಾಯವಾಣಿ 14567.

ಜೊತೆಗೆ ಹೋಗುವವರು, ಮರೆವು ಯಾವಾಗ ಶುರುವಾಯಿತು, ಯಾವ ಕೆಲಸದಲ್ಲಿ ಕಾಣಿಸಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಹಗುರಾಗುತ್ತದೆ.