ಯಂತ್ರ ‘ಶೇ. 90’ ಎಂದಾಗ

ಪರೀಕ್ಷೆ ಶೇ. 90ರಷ್ಟು ನಿಖರ. ಫಲಿತಾಂಶ ಪಾಸಿಟಿವ್ ಬಂದಿದೆ. ಹಾಗಾದರೆ ಕಾಯಿಲೆ ಇರುವ ಸಾಧ್ಯತೆಯೂ ಶೇ. 90! ಓದಿದವರು, ಎಷ್ಟೋ ಸಲ ವೈದ್ಯರೂ ನಂಬಿಬಿಡುವ ಈ ಲೆಕ್ಕ ತಪ್ಪು.

ಕಾಯಿಲೆ ನೂರಕ್ಕೆ ಒಬ್ಬರಲ್ಲಿದೆ ಎಂದಿಟ್ಟುಕೊಳ್ಳಿ. ಸಾವಿರ ಜನರನ್ನು ಪರೀಕ್ಷಿಸಿದರೆ ಅವರಲ್ಲಿ ರೋಗಿಗಳು 10. ಪರೀಕ್ಷೆ 9 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ ಹತ್ತಕ್ಕೊಬ್ಬರಿಗೆ ಸುಳ್ಳು ಪಾಸಿಟಿವ್ ಬಂದರೆ ಅದೇ 99 ಆಯಿತು. ಒಟ್ಟು 108 ಪಾಸಿಟಿವ್‌ಗಳಲ್ಲಿ ನಿಜವಾದವು 9, ಅಂದರೆ ಹನ್ನೆರಡಕ್ಕೆ ಒಂದು. ಅದೇ ಪರೀಕ್ಷೆಯನ್ನು ಅರ್ಧದಷ್ಟು ಜನರಿಗೆ ಕಾಯಿಲೆ ಇರುವ ವಾರ್ಡಿನಲ್ಲಿ ಮಾಡಿ: ಈಗ ಉತ್ತರ ನಿಜಕ್ಕೂ ಶೇ. 90. ಪರೀಕ್ಷೆ ಬದಲಾಗಲಿಲ್ಲ, ಮೊದಲೇ ನಮಗೆ ಗೊತ್ತಿದ್ದ ಸಂಗತಿ ಬದಲಾಯಿತು. ಗಣಿತಜ್ಞ ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ ಗೆಳೆಯ ರಿಚರ್ಡ್ ಪ್ರೈಸ್ 1763ರಲ್ಲಿ ಬೆಳಕಿಗೆ ತಂದ ಪ್ರಬಂಧದ ತಿರುಳು ಇದೇ. ಇಂದಿನ ಕೃತಕ ಬುದ್ಧಿಮತ್ತೆಯ ಎಷ್ಟೋ ಭಾಗ ಇದರ ಮೇಲೆ ನಿಂತಿದೆ.

ಕಂಪ್ಯೂಟರಿಗೆ ಕೊಡುವ ಪರಿಣತರ ನಿಯಮಗಳಿಗೆಲ್ಲ ಒಂದೊಂದು ಅಂಕಿ ಅಂಟಿಸಿದರೆ ಸಾಕು, ಅನಿಶ್ಚಿತತೆ ತೀರಿತು ಎಂಬುದು ಇನ್ನೊಂದು ನಂಬಿಕೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಮೈಸಿನ್ ಎಂಬ ತಂತ್ರಾಂಶ, ರಕ್ತದ ಸೋಂಕುಗಳನ್ನು ಗುರುತಿಸಲು ಹೀಗೆಯೇ ಮೈನಸ್ 1ರಿಂದ 1ರವರೆಗಿನ ‘ಖಚಿತತೆಯ ಅಂಶ’ಗಳನ್ನು ಬಳಸಿತು. ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಸಾಕ್ಷ್ಯಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂಬ ಊಹೆ ಆ ಅಂಕಿಗಳ ಒಳಗೆ ಅಡಗಿತ್ತು ಎಂದು 1986ರಲ್ಲಿ ಡೇವಿಡ್ ಹೆಕರ್‌ಮನ್ ತೋರಿಸಿಕೊಟ್ಟರು.

ಆ ಊಹೆಯಿಂದ ಏನು ತೊಂದರೆ? ಕಂಪ್ಯೂಟರ್ ವಿಜ್ಞಾನಿ ಜುಡಿಯಾ ಪರ್ಲ್ ಅವರ ಪ್ರಸಿದ್ಧ ಉದಾಹರಣೆ ನೋಡಿ. ಮನೆಯ ಅಲಾರಂ ಬಡಿದುಕೊಳ್ಳುತ್ತದೆ. ಕಳ್ಳತನದ ಶಂಕೆ ಏರುತ್ತದೆ. ಅಷ್ಟರಲ್ಲಿ ರೇಡಿಯೊದಲ್ಲಿ ಭೂಕಂಪದ ಸುದ್ದಿ. ಅಲಾರಂ ಇನ್ನೂ ಬಡಿದುಕೊಳ್ಳುತ್ತಲೇ ಇದೆ, ಆದರೂ ಕಳ್ಳನ ಮೇಲಿನ ಅನುಮಾನ ಇಳಿಯುತ್ತದೆ. ಈ ಇಳಿಕೆ ಒಂದೇ ದಿಕ್ಕಿನಲ್ಲಿ ಸಾಗುವ ನಿಯಮಗಳಿಗೆ ದಕ್ಕುವುದಿಲ್ಲ. ಪರ್ಲ್ 1988ರ ತಮ್ಮ ಪುಸ್ತಕದಲ್ಲಿ, ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದನ್ನು ಬಾಣಗಳಿಂದ ಬರೆಯುವ ಬೇಯ್ಸ್ ಜಾಲವನ್ನು ವಿವರವಾಗಿ ಕಟ್ಟಿಕೊಟ್ಟರು. ಹೌದು–ಅಲ್ಲ ಎಂಬ 30 ಸಂಗತಿಗಳ ಎಲ್ಲ ಸಂಯೋಜನೆಗಳ ಪೂರ್ತಿ ಪಟ್ಟಿ ಬರೆಯಹೊರಟರೆ ಸುಮಾರು 107 ಕೋಟಿ ಸಾಲುಗಳು ಬೇಕು. ಪ್ರತಿಯೊಂದಕ್ಕೂ ಹೆಚ್ಚೆಂದರೆ ಮೂರು ಕಾರಣಗಳಿದ್ದರೆ ಜಾಲದ ಕೆಲಸ 240 ಅಂಕಿಗಳೊಳಗೆ ಮುಗಿಯುತ್ತದೆ. ಈ ಮಿತವ್ಯಯ ನನಗಂತೂ ಗಣಿತದ ನಿಜವಾದ ಸೊಗಸು.

ಲೋಟ್ಫಿ ಜಾದೆ 1965ರಲ್ಲಿ ಮಂಡಿಸಿದ ಫಜಿ ಗಣಗಳನ್ನೂ ಜನ ಸಂಭವನೀಯತೆಯೆಂದೇ ತಿಳಿಯುತ್ತಾರೆ. ಅದು ಬೇರೆ ವಿಚಾರ. ನಾಳೆ ಮಳೆ ಬರುತ್ತದೋ ಇಲ್ಲವೋ ಎಂಬುದು ಸಂಭವನೀಯತೆಯ ಪ್ರಶ್ನೆ. ಈಗ ಬೀಳುತ್ತಿರುವುದನ್ನು ಎಷ್ಟರ ಮಟ್ಟಿಗೆ ‘ಜೋರು ಮಳೆ’ ಎನ್ನಬಹುದು ಎಂಬುದು ಫಜಿ ಪ್ರಶ್ನೆ.

ಇಂದು ಹೆಚ್ಚು ಹಾನಿ ಮಾಡುವ ತಪ್ಪು ತಿಳಿವಳಿಕೆ ಮಾತ್ರ ಕೊನೆಯದು: ನ್ಯೂರಲ್ ಜಾಲ ಪರದೆಯ ಮೇಲೆ ತೋರಿಸುವ ಶೇಕಡಾವಾರು ನೇರವಾಗಿ ನಂಬಬಹುದಾದ ಸಂಭವನೀಯತೆ ಎಂಬುದು. ಆಧುನಿಕ ಆಳ ಜಾಲಗಳು ತಮ್ಮ ಯೋಗ್ಯತೆ ಮೀರಿದ ಆತ್ಮವಿಶ್ವಾಸ ತೋರುತ್ತವೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ದಾಖಲಿಸಿದರು. ‘ತಾಪಮಾನ’ ಎಂಬ ಒಂದೇ ಅಂಕಿಯನ್ನು ಹೊಂದಿಸಿದರೆ ಬಹುಪಾಲು ಸರಿಹೋಗುತ್ತದೆ ಎಂದೂ ತೋರಿಸಿದರು. ಹಾಗೆ ಸರಿಪಡಿಸಿದ ಯಂತ್ರವೂ ಬೇರೆ ಬಗೆಯ ಜನರ ನಡುವೆ ಹೋದಾಗ ಮತ್ತೆ ಹಳಿ ತಪ್ಪಬಹುದು. ಆದ್ದರಿಂದ ಆಸ್ಪತ್ರೆಗೆ ಇಂಥ ತಂತ್ರಾಂಶ ಕೊಳ್ಳುವವರು ಮಾರುವವರನ್ನು ಕೇಳಬೇಕಾದದ್ದು ಇದು: ಅದು ‘ಶೇ. 90’ ಎಂದ ಪ್ರಕರಣಗಳನ್ನೆಲ್ಲ ಒಟ್ಟುಮಾಡಿದರೆ ನೂರರಲ್ಲಿ ಎಷ್ಟು ನಿಜವಾದವು, ಯಾವ ಜನರಲ್ಲಿ?