ಚಿನ್ನದ ಊರಿನ ನಗರಸಭೆಗೆ ಸಾಲ ಕೊಡೋರು ಯಾರು?

ಕೆಜಿಎಫ್ ಅಂದ ತಕ್ಷಣ ನಿಮಗೆ ಸಿನಿಮಾ ನೆನಪಾಗಬಹುದು. ರಾಬರ್ಟ್‌ಸನ್‌ಪೇಟೆಯ ನಮಗೆ ನೆನಪಾಗೋದು ಸೈನೈಡ್ ದಿಬ್ಬ. ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣು ಅದು. ಒಟ್ಟು 13 ದಿಬ್ಬ, ಸುಮಾರು 3.3 ಕೋಟಿ ಟನ್. ಗಾಳಿ ಜೋರಾದ ದಿನ ಆ ದೂಳು ಮನೆಯೊಳಗೇ ಬರುತ್ತದೆ. ದಿಬ್ಬಕ್ಕೆ ಹಸಿರು ಹೊದಿಸಬೇಕು, ಒಳಚರಂಡಿ ಸರಿಯಾಗಬೇಕು, ನಲ್ಲಿಯಲ್ಲಿ ದಿನಾ ನೀರು ಬರಬೇಕು ಅಂತ ಎಲ್ಲ ಪಕ್ಷದವರೂ ಹೇಳುತ್ತಾರೆ. ದುಡ್ಡು ಎಲ್ಲಿಂದ ಅಂತ ಕೇಳಿ ನೋಡಿ, "ಮೇಲಿಂದ ಬರುತ್ತೆ" ಅನ್ನುತ್ತಾರೆ.

ಆ 'ಮೇಲಿಂದ' ಬರೋದು ಹೇಗೆ? 2015ರಲ್ಲಿ ಶುರುವಾದ ಅಮೃತ್ ಯೋಜನೆಯಲ್ಲಿ ಕರ್ನಾಟಕದ 27 ನಗರಗಳಿದ್ದವು, ನಮ್ಮದೂ ಒಂದು. ಜನಸಂಖ್ಯೆ 10 ಲಕ್ಷ ಮೀರದ ಊರಿನಲ್ಲಿ ಕಾಮಗಾರಿ ವೆಚ್ಚದ ಅರ್ಧ ಕೇಂದ್ರದ್ದು. ಮಿಕ್ಕ ಅರ್ಧವನ್ನು ರಾಜ್ಯ ಮತ್ತು ನಗರಸಭೆ ಹಂಚಿಕೊಳ್ಳಬೇಕು. ಪೈಪು ಹೂತು ಫೋಟೊ ತೆಗೆಸಿಕೊಂಡ ಮೇಲೆ ಪಂಪಿನ ಕರೆಂಟ್ ಬಿಲ್ಲು, ರಿಪೇರಿ, ಸಿಬ್ಬಂದಿ ಸಂಬಳ ಯಾರ ತಲೆಗೆ? ನಗರಸಭೆ ತಲೆಗೇ. 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲೂ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಲೆಕ್ಕಪತ್ರ ಆಡಿಟ್ ಮಾಡಿಸಿ ಆನ್‌ಲೈನ್‌ನಲ್ಲಿ ಹಾಕಬೇಕು ಅನ್ನೋ ಷರತ್ತು ಬೇರೆ. ಈ ಷರತ್ತು ಒಳ್ಳೆಯದೇ ಅನ್ನಿ.

ಅಂದರೆ ಅನುದಾನ ಪಡೆಯೋದಕ್ಕೂ, ಅದರಿಂದ ಕಟ್ಟಿದ್ದನ್ನು ನಡೆಸೋದಕ್ಕೂ ಊರಿಗೆ ಸ್ವಂತ ಆದಾಯ ಬೇಕು. ನಗರಸಭೆಯ ಮುಖ್ಯ ಆದಾಯ ಆಸ್ತಿ ತೆರಿಗೆ. ನಮ್ಮ ಗಂಟು ಇರೋದು ಇಲ್ಲೇ. ಊರಿನ ಸುತ್ತ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯ ಸುಮಾರು 12 ಸಾವಿರ ಎಕರೆ ಇದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಆ ಜಾಗದಲ್ಲಿ ಮಾರಾಟ ಇಲ್ಲ, ಹೊಸ ಕಟ್ಟಡ ಇಲ್ಲ, ಹಾಗಾಗಿ ತೆರಿಗೆ ಬೆಳೆಯೋದೂ ಇಲ್ಲ. ಗಣಿ ಕ್ವಾರ್ಟರ್ಸ್‌ನಲ್ಲಿರುವವರು ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಮನೆ ಯಾರದ್ದು ಅನ್ನೋದೇ ಇತ್ಯರ್ಥವಾಗದಿದ್ದರೆ ಖಾತೆ ಎಲ್ಲಿಂದ, ಕಂದಾಯ ಎಲ್ಲಿಂದ? ದುಡಿಯುವ ವಯಸ್ಸಿನವರೋ, ಬೆಳಗಾದರೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಅವರು ದುಡಿಯುವ ಆಫೀಸು, ಫ್ಯಾಕ್ಟರಿಗಳ ಆಸ್ತಿ ತೆರಿಗೆ ಅಲ್ಲಿಗೇ ಸೇರುತ್ತದೆ. 1902ರಲ್ಲೇ, ಬೆಂಗಳೂರಿಗಿಂತ ಮೂರು ವರ್ಷ ಮೊದಲು, ಶಿವನಸಮುದ್ರದ ಕರೆಂಟ್ ಬಂದ ಊರು ಇದು!

ಸಾಲ ಎತ್ತಬಹುದಲ್ಲ ಅಂತೀರಾ? ದೇಶದ ಮೊದಲ ಮುನಿಸಿಪಲ್ ಬಾಂಡ್ ಹೊರಡಿಸಿದ್ದೇ ಬೆಂಗಳೂರು ಪಾಲಿಕೆ, 1997ರಲ್ಲಿ, 125 ಕೋಟಿ ರೂಪಾಯಿಗೆ, ರಾಜ್ಯದ ಗ್ಯಾರಂಟಿ ಇಟ್ಟು. ಮರುವರ್ಷ ಅಹಮದಾಬಾದ್ ಅಂಥ ಗ್ಯಾರಂಟಿ ಇಲ್ಲದೆಯೇ 100 ಕೋಟಿ ಎತ್ತಿತು. ಬಾಂಡ್ ಕೊಳ್ಳುವವರು ನೋಡೋದು ಒಂದನ್ನೇ, ವರ್ಷ ವರ್ಷ ತಪ್ಪದೆ ಬರುವ ಆದಾಯ. ಒಂದೂವರೆ ಲಕ್ಷ ಚಿಲ್ಲರೆ ಜನರ ಊರು ಒಂಟಿಯಾಗಿ ಹೋದರೆ ರೇಟಿಂಗ್, ವಕೀಲರು, ದಾಖಲೆ ಅಂತ ಖರ್ಚೇ ಭಾರವಾಗುತ್ತದೆ.

ಇದಕ್ಕೂ ಕರ್ನಾಟಕದಲ್ಲೇ ಒಂದು ದಾರಿ ಹುಡುಕಿದ್ದರು. 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಊರುಗಳು ಒಟ್ಟಾಗಿ ನೀರಿನ ಯೋಜನೆಗೆ 100 ಕೋಟಿ ರೂಪಾಯಿಯ ಬಾಂಡ್ ಎತ್ತಿದವು. ಸಾಲ ಎಲ್ಲರದ್ದು, ಹೊಣೆಯೂ ಎಲ್ಲರದ್ದು. ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಮಾಲೂರಿನ ಜೊತೆ ಸೇರಿ ನಾವೂ ಯಾಕೆ ಹಾಗೆ ಮಾಡಬಾರದು? ಮಾಡಬಹುದು. ಆದರೆ ಆ 8 ಊರುಗಳು ಯಲಹಂಕ, ಕೆ.ಆರ್. ಪುರ, ಬೊಮ್ಮನಹಳ್ಳಿ ಥರದವು. ನೆಲದ ಬೆಲೆ ಏರುತ್ತಲೇ ಇತ್ತು, 2007ರಲ್ಲಿ ಬಿಬಿಎಂಪಿಗೇ ಸೇರಿಹೋದವು. ನಮಗೆ ಆ ಏರಿಕೆ ಇಲ್ಲ. ಹಾಗಾಗಿ ಬೇರೊಂದು ಖಾತ್ರಿ ಆದಾಯ ತೋರಿಸಬೇಕು.

ಅದು ಸೈನೈಡ್ ದಿಬ್ಬದಲ್ಲೇ ಇದೆ ಅನ್ನೋದು ನನ್ನ ವಾದ. ಸಾವಿರ ಎಕರೆಗೂ ಮೀರಿದ ಜಾಗದಲ್ಲಿರುವ ಈ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿತು, ತನ್ನ ಬಾಕಿ ವಸೂಲಿಯ ಷರತ್ತಿನೊಂದಿಗೆ. ರಾಜ್ಯ ತನ್ನ ಬಾಕಿ ಕೇಳಿತು, ಸರಿ. ದೂಳು ಕುಡಿದ ಊರಿನ ಬಾಕಿ?

ಜಿಲ್ಲಾ ಖನಿಜ ಪ್ರತಿಷ್ಠಾನ ಇದೆಯಲ್ಲ ಅನ್ನಬಹುದು. ಗಣಿಯಿಂದ ಬಾಧಿತರಾದ ಜನರಿಗಾಗಿಯೇ 2015ರ ಕಾಯ್ದೆ ತಿದ್ದುಪಡಿಯಲ್ಲಿ ಬಂದದ್ದು ಅದು. ಹಳೆಯ ಗುತ್ತಿಗೆಯಾದರೆ ರಾಯಧನದ ಶೇ 30, ಹರಾಜಿನದಾದರೆ ಶೇ 10ಕ್ಕೆ ಸಮನಾದ ಹಣ ಅದಕ್ಕೆ ಸೇರಬೇಕು. ಅದು ಬರುವ ಹೊತ್ತಿಗೆ ನಮ್ಮ ಗಣಿ ಮುಚ್ಚಿ 14 ವರ್ಷ ಆಗಿತ್ತು. ನೂರಿಪ್ಪತ್ತು ವರ್ಷ ತೆಗೆದ ಚಿನ್ನದಿಂದ ಆ ನಿಧಿಗೆ ಒಂದು ಪೈಸೆ ಬರಲಿಲ್ಲ. ಮುಂದೆ ದಿಬ್ಬದಿಂದ ಬಂದರೂ ಆ ಹಣ ಜಿಲ್ಲೆಯ ಟ್ರಸ್ಟಿಗೆ ಹೋಗುತ್ತದೆ, ನಗರಸಭೆಯ ಖಾತೆಗಲ್ಲ.

ಹಾಗಾಗಿ ಗುತ್ತಿಗೆ ಕರಾರಿನಲ್ಲೇ ಒಂದು ಪಾಲನ್ನು ಊರಿನ ಹೆಸರಿಗೆ ಬರೆಸಬೇಕು. ಅದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ನೀರು, ಒಳಚರಂಡಿಗೆ ಎತ್ತುವ ಸಾಲದ ಕಂತಿಗೆ ಮಾತ್ರ ಬಳಸಬೇಕು. ಬಾಂಡ್ ಕೊಳ್ಳುವವರಿಗೆ ಬೇಕಿರುವ ಖಾತ್ರಿ ಇದೇ. ದಿಬ್ಬ ಒಂದು ದಿನ ಖಾಲಿಯಾಗುತ್ತದೆ, ಆದ್ದರಿಂದ ಸಾಲದ ಅವಧಿ ಅದಕ್ಕಿಂತ ಚಿಕ್ಕದಿರಬೇಕು. ನಗರಸಭೆ ಚುನಾವಣೆಗೆ ವೋಟು ಕೇಳೋಕೆ ಬಂದವರನ್ನು ನಿಲ್ಲಿಸಿ ಕೇಳಿ: ಕರಾರಿನಲ್ಲಿ ಊರಿನ ಪಾಲು ಎಷ್ಟು, ಯಾವ ಖಾತೆಗೆ?