ಪಿಕಪ್‌ಗೆ ಅಗಲ ಟೈರು: ಕೊಳ್ಳುವ ಮೊದಲು ಅಂಕಿ ಓದಿ

ನಮ್ಮದು ಬೈಲಹೊಂಗಲ ತಾಲೂಕಿನ ಎರಿ ಹೊಲ. ಬೆಳೆ ಜೋಳ, ಕಡಲೆ, ಹತ್ತಿ. ಚಕ್ಕಡಿ ಬಿಟ್ಟು ಹಳೇ ಪಿಕಪ್ ಕೊಂಡು ಆರು ವರ್ಷವಾಯಿತು. ನಾನು ಓದಿದ್ದು ಏಳನೇ ಇಯತ್ತೆ. ಟೈರಿನ ಮೇಲಿನ ಅಂಕಿ ಓದದೆ ಪೆಟ್ಟು ತಿಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

ಟೈರು ಸವೆದಾಗ ಮಗ, "ಅಪ್ಪಾ, ಅಗಲ ಟೈರ್ ಹಾಕಸೂಣು, ರಾಡ್ಯಾಗ ಹುಗಿಯೂದಿಲ್ಲ" ಅಂದ. ಖರೆ ಅನಿಸಿತು. ಚಕ್ಕಡಿಯ ಕಬ್ಬಿಣದ ಹಳಿ ರಾಡಿ ಕೊಯ್ದು ಇಳಿಯುತ್ತಿತ್ತು, ಟೈರಿನ ಚಕ್ಕಡಿ ಮೇಲೇ ಹೋಗುತ್ತಿತ್ತು. ಅಗಲ ಟೈರು, ಜೊತೆಗೆ ಹೊಳೆಯುವ ಅಲಾಯ್ ಗಾಲಿ ಹಾಕಿಸಿದೆವು.

ಮುಂಗಾರಿನಲ್ಲಿ ಎರಿ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಲಿ ತಿರುಗದಾಯಿತು. ಹೊಸ ಗಾಲಿ ಹೊರಗೆ ಸರಿದು ಕೂತಿದ್ದರಿಂದ ಬೇರಿಂಗ್ ಬೇಗ ಹೋದವು. ಸುಗ್ಗಿಯಲ್ಲಿ ಕಡಲೆ ಚೀಲ ಹೇರಿ ಪೇಟೆಗೆ ಹೋಗುವಾಗ ಹಿಂದಿನ ಟೈರು ಒಡೆಯಿತು. ಮಗ ಗಾಡಿ ಹೊಡೆಯುತ್ತಿದ್ದ. ದೇವರ ದಯೆ, ಗಾಡಿ ಪಲ್ಟಿಯಾಗಲಿಲ್ಲ. ಭಾರ ಹೆಚ್ಚು ಹೇರಿದವನು ನಾನೇ.

ಆಮೇಲೆ ಅಂಕಿ ಓದಿದೆ. ಮೊದಲಿನ ಟೈರು 215/75 ಆರ್ 15. 215 ಅಂದರೆ ಅಗಲ, ಮಿಲಿಮೀಟರಿನಲ್ಲಿ. 75 ಅಂದರೆ ಟೈರಿನ ಪಕ್ಕದ ಎತ್ತರ ಅಗಲದ ನೂರಕ್ಕೆ 75 ಪಾಲು. 15 ಅಂದರೆ ಗಾಲಿಯ ವ್ಯಾಸ, ಇಂಚಿನಲ್ಲಿ. ಹೊಸದು 235/75 ಆರ್ 15. ಟೈರಿನ ವ್ಯಾಸ 30 ಮಿ.ಮೀ. ಹೆಚ್ಚಿತು, ಆದರೆ ಗಾಡಿ ನೆಲದಿಂದ ಎದ್ದದ್ದು ಅದರ ಅರ್ಧ, ಒಂದೂವರೆ ಸೆಂಟಿಮೀಟರ್ ಅಷ್ಟೇ. ಮೀಟರು 60 ತೋರಿಸಿದಾಗ ಗಾಡಿ 62ಕ್ಕೂ ಮೇಲೆ ಓಡುತ್ತಿತ್ತು.

ಇದರ ಮುಂದಿನ ಅಂಕಿಯೇ ಮುಖ್ಯ, ಅದು ಭಾರದ ಗುರುತು. ಹಳೆಯದರ ಮೇಲೆ 106 ಇತ್ತು, ಅಂದರೆ ಒಂದು ಟೈರು 950 ಕಿಲೋ ಹೊರುತ್ತದೆ. ಹೊಸದು ಕಾರಿನ ಜಾತಿಯದು, 105, ಅಂದರೆ 925 ಕಿಲೋ. ಅಗಲ ಹೆಚ್ಚಿತು, ಹೊರುವ ಶಕ್ತಿ ನಾಲ್ಕು ಟೈರಿಗೆ ಒಂದು ಕ್ವಿಂಟಲ್ ಇಳಿಯಿತು!

ಈಗ ನಾನು ನೋಡುವುದು ಇಷ್ಟು:

1. ಅಳತೆ ಗಾಡಿಯ ಪುಸ್ತಕದಲ್ಲಿದ್ದದ್ದೇ ಇರಲಿ. ಭಾರದ ಗುರುತು ಅದಕ್ಕಿಂತ ಕಡಿಮೆ ಬೇಡ.

2. ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಹಳೇ ಮಾಲು ಬೇಡ ಅನ್ನಿ.

3. ನೆಲ ನೋಡಿ ಗೆರೆ ಆರಿಸಿ. ಬೈಲಹೊಂಗಲದ ಎರಿಗೆ ಹಿಂದಿನ ಜೋಡಿಗೆ ಬಿಡಿಬಿಡಿ ಆಳ ಗೆರೆ ಇದ್ದರೆ ಮಣ್ಣು ಉದುರುತ್ತದೆ. ಕಿತ್ತೂರಿನ ಕಡೆ ಹೆದ್ದಾರಿ ಓಡಾಟವೇ ಹೆಚ್ಚಿದ್ದರೆ ಸಾದಾ ಗೆರೆ ಸಾಕು, ಅದು ಬೇಗ ಸವೆಯುವುದಿಲ್ಲ. ಸವದತ್ತಿ, ರಾಮದುರ್ಗದ ಕಲ್ಲು ಮಡ್ಡಿಗೆ ಪಕ್ಕ ಗಟ್ಟಿ ಇರುವ ಟೈರು ಬೇಕು.

4. ಉಕ್ಕಿನ ಗಾಲಿಯೇ ವಾಸಿ. ಕಲ್ಲಿಗೆ ಬಡಿದರೆ ಅದು ಬಗ್ಗುತ್ತದೆ, ಅಲಾಯ್ ಬಿರಿಯಬಹುದು.

5. ಗಾಳಿಯನ್ನು ಟೈರು ತಣ್ಣಗಿದ್ದಾಗ ನೋಡಿ. ಗಾಳಿ ಕಡಿಮೆ, ಭಾರ ಹೆಚ್ಚು ಆದರೆ ಟೈರಿನ ಪಕ್ಕ ಕಾದು ಒಡೆಯುತ್ತದೆ. ರಾಡಿಗೆಂದು ಗಾಳಿ ಬಿಟ್ಟರೆ ಡಾಂಬರು ಹತ್ತುವ ಮೊದಲು ತುಂಬಿಸಿ.

ಮತ್ತೆ ಹಳೇ ಅಳತೆಯ ಟೈರು, ಉಕ್ಕಿನ ಗಾಲಿ ಹಾಕಿಸಿದ್ದೇವೆ. ಮಳೆ ಬಂದ ಮರುದಿನ ಗಾಡಿ ಹೊಲಕ್ಕೆ ಇಳಿಸುವುದಿಲ್ಲ. ಎರಿ ಆರುವ ತನಕ ಚೀಲ ದಂಡೆಯಲ್ಲೇ ಕಾಯುತ್ತವೆ. ಯಾವ ಟೈರೂ ಮಾಡದ ಕೆಲಸವನ್ನು ಎರಡು ದಿನದ ಬಿಸಿಲು ಪುಕ್ಕಟೆ ಮಾಡುತ್ತದೆ.